ಏಳು ಹಾಡು, ಒಂದೂ ಸ್ವಂತದ್ದಲ್ಲ: ವೆನಿಲಾ ಫಜ್ ಬ್ಯಾಂಡಿನ ಮೊದಲ ಆಲ್ಬಮ್

ಒಂದು ಹೊಸ ಬ್ಯಾಂಡ್ ಮೊದಲ ಆಲ್ಬಮ್ ತರುತ್ತೆ ಅಂದ್ಕೊಳ್ಳಿ. ನಡುವಿನ ಸಣ್ಣ ವಾದ್ಯದ ತುಣುಕುಗಳನ್ನ ಬಿಟ್ರೆ ಅದರಲ್ಲಿರೋ ಏಳೂ ಹಾಡು ಬೇರೆಯವರದ್ದು. ಅದೂ ಒಂದರಿಂದ ಮೂರು ವರ್ಷದ ಹಿಂದಷ್ಟೇ ಬಂದಿದ್ದ ಪಾಪ್ ಹಾಡುಗಳು. ಇವತ್ತಾಗಿದ್ರೆ ಕಾಮೆಂಟಲ್ಲಿ ಜನ ಸುಮ್ನೆ ಬಿಡ್ತಿದ್ರಾ?

1967ರಲ್ಲಿ ನ್ಯೂಯಾರ್ಕ್ ಕಡೆಯ ವೆನಿಲಾ ಫಜ್ ಮಾಡಿದ್ದು ಇದನ್ನೇ. ಆರ್ಗನ್ ಮತ್ತು ಹಾಡಿಗೆ ಮಾರ್ಕ್ ಸ್ಟೈನ್, ಬೇಸ್‌ಗೆ ಟಿಮ್ ಬೋಗರ್ಟ್, ಗಿಟಾರ್‌ಗೆ ವಿನ್ಸ್ ಮಾರ್ಟೆಲ್, ಡ್ರಮ್ಸ್‌ಗೆ ಕಾರ್ಮೈನ್ ಅಪೀಸ್. ಪ್ರೊಡ್ಯೂಸರ್ ಶ್ಯಾಡೋ ಮಾರ್ಟನ್, ಲೇಬಲ್ ಆಟ್ಕೋ. ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಹೋಯ್ತು.

ಇವರ ಕೈಚಳಕ ಏನು ಅಂತ ತಿಳಿಯೋಕೆ ಒಂದೇ ಹಾಡು ಸಾಕು: 'ಯು ಕೀಪ್ ಮಿ ಹ್ಯಾಂಗಿನ್ ಆನ್'. 1966ರಲ್ಲಿ ಸುಪ್ರೀಮ್ಸ್ ಹಾಡಿದ್ದು, ನಂಬರ್ ಒನ್ ಆಗಿತ್ತು. ಮೂರು ನಿಮಿಷವೂ ಇಲ್ಲ, ಕುಣಿಸೋ ಬೀಟ್. ಆದ್ರೆ ಮಾತು ಕೇಳಿ ನೋಡಿ: ಪ್ರೀತಿ ಮುಗಿದ ಮೇಲೂ ಬಿಟ್ಟುಕೊಡದ ಒಬ್ಬನ ಹತ್ರ ಬಿಡುಗಡೆ ಬೇಡೋ ಹೆಣ್ಣಿನ ಗೋಳು. ನೋವಿನ ಹಾಡಿಗೆ ಇಷ್ಟು ಅವಸರ ಯಾಕೆ ಅನ್ನಿಸಿ ವೇಗ ಇಳಿಸಿದ್ವಿ ಅಂತ ಬ್ಯಾಂಡಿನವರು ಹೇಳ್ಕೊಂಡು ಬಂದಿದ್ದಾರೆ. ಹ್ಯಾಮಂಡ್ ಆರ್ಗನ್ ಮೊದಲು ತಡವರಿಸ್ತಾ ಬರುತ್ತೆ, ಆಮೇಲೆ ಡ್ರಮ್ಸ್ ಅಪ್ಪಳಿಸುತ್ತೆ, ಆಮೇಲೆ ಎಲ್ಲರೂ ಒಟ್ಟಿಗೆ ಕೂಗ್ತಾರೆ. ಆರು ನಿಮಿಷ ದಾಟುತ್ತೆ. ರಾಗ ಅದೇ, ಮಾತೂ ಅದೇ; ಆದ್ರೆ ಈಗ ಅವಳ ಜಾಗದಲ್ಲಿ ನಿಮಗೇ ಉಸಿರು ಕಟ್ಟುತ್ತೆ. ಮೊಟಕು ಮಾಡಿದ ಸಿಂಗಲ್ ಮೊದಲ ಸಲ ಅಷ್ಟು ಓಡಲಿಲ್ಲ, 1968ರಲ್ಲಿ ಮತ್ತೆ ಬಿಟ್ಟಾಗ ಅದೂ 6ನೇ ಸ್ಥಾನ ಮುಟ್ಟಿತು.

ಎಲ್ಲಾ ಕಡೆ ಈ ಸೂತ್ರ ಕೆಲಸ ಮಾಡಿಲ್ಲ ಅನ್ನೋದು ನನ್ನ ಅಭಿಪ್ರಾಯ. 'ಬ್ಯಾಂಗ್ ಬ್ಯಾಂಗ್' ಸ್ವಲ್ಪ ಓವರ್ ಆಕ್ಟಿಂಗ್. ಬೀಟಲ್ಸ್‌ನ 'ಎಲಿನಾರ್ ರಿಗ್ಬಿ' ಎರಡು ನಿಮಿಷದ ಹಾಡು, ಇಲ್ಲಿ ಎಂಟು ನಿಮಿಷ ಮೀರಿ ಎಳೆದಿದ್ದಾರೆ. ಒಂಟಿತನದ ಹಾಡು, ಎಳೆದದ್ದು ಒಪ್ಪುತ್ತೆ. ಆದ್ರೂ ತಾಳ್ಮೆ ಬೇಕು.

ಈಗ ನಾನು ಕಾಮರ್ಸ್ ಓದಿದವನು, ದುಡ್ಡಿನ ಲೆಕ್ಕ ಹೇಳದೆ ಬಿಡಲ್ಲ. ಒಂದು ಹಾಡಿಗೆ ಎರಡು ಹಕ್ಕು: ಬರೆದವರದ್ದು ಒಂದು, ರೆಕಾರ್ಡಿಂಗಿನದ್ದು ಇನ್ನೊಂದು. ಕವರ್ ಹಾಡಿದ್ರೆ ಮೊದಲನೆಯ ದುಡ್ಡು ಬರೆದವರಿಗೇ ಹೋಗುತ್ತೆ. ಆಗಿನ ಅಮೆರಿಕದಲ್ಲಿ 1909ರ ಕಾನೂನು ನಡೀತಿತ್ತು. ಒಮ್ಮೆ ರೆಕಾರ್ಡ್ ಆದ ಹಾಡನ್ನ ಯಾರು ಬೇಕಾದ್ರೂ ಮತ್ತೆ ರೆಕಾರ್ಡ್ ಮಾಡಬಹುದು, ಒಂದು ಪ್ರತಿಗೆ 2 ಸೆಂಟ್ ಕೊಟ್ರೆ ಆಯ್ತು. ಪೂರ್ತಿ ದರ ಹಿಡಿದ್ರೆ ಏಳು ಹಾಡಿಗೆ 14 ಸೆಂಟ್. ಹಾಡು ಎರಡು ನಿಮಿಷ ಇರಲಿ ಎಂಟು ನಿಮಿಷ ಇರಲಿ, ದರ ಒಂದೇ! ಹಾಡು ಹಿಗ್ಗಿಸಿದ್ದು ಇದಕ್ಕಲ್ಲ, ಆದ್ರೂ ಲೆಕ್ಕ ಮಜವಾಗಿದೆ ಅಲ್ವಾ?

ಕವರ್ ಮಾಡಿ ಅಪ್‌ಲೋಡ್ ಮಾಡೋರು ಇಲ್ಲಿ ಕಿವಿ ಕೊಡಿ. ನಮ್ಮ ಕಾಪಿರೈಟ್ ಕಾನೂನಿನಲ್ಲಿ 2012ರ ತಿದ್ದುಪಡಿಯಿಂದ ಬಂದ 31ಸಿ ಅನ್ನೋ ಸೆಕ್ಷನ್ ಇದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಾಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಇನ್ನೊಂದು ಷರತ್ತು: ತಾಂತ್ರಿಕವಾಗಿ ಅಗತ್ಯ ಇಲ್ಲದ ಬದಲಾವಣೆ ಮಾಡೋ ಹಾಗಿಲ್ಲ. ಅಂದ್ರೆ ವೆನಿಲಾ ಫಜ್ ಥರ ಹಾಡನ್ನ ಒಡೆದು ಕಟ್ಟಬೇಕಾದ್ರೆ ಈ ದಾರಿ ಸಾಲದು, ಹಕ್ಕುದಾರರ ಒಪ್ಪಿಗೇನೇ ಪಡೀಬೇಕು.

1968ರ ಡಿಸೆಂಬರ್ 26ರಂದು ಡೆನ್ವರ್‌ನಲ್ಲಿ ಇವರ ಶೋಗೆ ಮುಂಚೆ ನುಡಿಸಿದ, ಅಮೆರಿಕಕ್ಕೆ ಆಗಷ್ಟೇ ಬಂದಿದ್ದ ಬ್ಯಾಂಡ್ ಯಾವುದು ಗೊತ್ತಾ? ಲೆಡ್ ಝೆಪ್ಪೆಲಿನ್.

ಇವತ್ತು ಮೊದಲು ಸುಪ್ರೀಮ್ಸ್ ಹಾಡು ಕೇಳಿ, ತಕ್ಷಣ ಇವರದ್ದು ಹಾಕಿ. ಇಯರ್‌ಫೋನ್ ಇರಲಿ. ವಾಲ್ಯೂಮ್ ಮಾತ್ರ ಸ್ವಲ್ಪ ಕಮ್ಮಿ ಇಡಿ, ಆ ಡ್ರಮ್ಸ್ ಹೇಳದೆ ಕೇಳದೆ ಬರುತ್ತೆ.