ದೂರವಾಣಿಯ ಒಡೆತನ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂತಹ ಊರೊಂದರಲ್ಲಿ ನೂರು ಮನೆಗಳಿಗೆ ದೂರವಾಣಿ ಬೇಕಾಗಿದೆಯೆಂದು ಭಾವಿಸೋಣ. ಪ್ರತಿಯೊಂದು ಮನೆಯಿಂದಲೂ ಉಳಿದೆಲ್ಲ ಮನೆಗಳಿಗೆ ನೇರವಾಗಿ ತಂತಿಯೆಳೆಯಲು 4,950 ತಂತಿಗಳು ಬೇಕಾಗುವುವು. ನಡುವೆ ಒಂದು ವಿನಿಮಯ ಕೇಂದ್ರವಿದ್ದರೆ ನೂರೇ ಸಾಕು. ಅದೇ ಬೀದಿಗಳಲ್ಲಿ ಮತ್ತೊಬ್ಬನು ಮತ್ತೆ ನೂರು ತಂತಿಗಳನ್ನು ಎಳೆಯುವುದು ದುಂದುವೆಚ್ಚವಲ್ಲವೆ? ಆದುದರಿಂದಲೇ ದೂರವಾಣಿಯು ಒಬ್ಬನ ಕೈಸೇರುವುದು ಸಹಜ. ಇದಕ್ಕೆ ಸಹಜ ಏಕಸ್ವಾಮ್ಯವೆಂದು ಹೆಸರು.

ಅಮೆರಿಕದಲ್ಲಿ ಈ ಒಡೆತನವು ಎ. ಟಿ. ಅಂಡ್ ಟಿ. ಎಂಬ ಖಾಸಗಿ ಕಂಪನಿಯದಾಗಿತ್ತು. 1984ರಲ್ಲಿ ಅದರ ಸ್ಥಳೀಯ ಸೇವೆಯನ್ನು ಬೇರ್ಪಡಿಸಿ ಏಳು ಪ್ರಾದೇಶಿಕ ಕಂಪನಿಗಳಿಗೆ ಹಂಚಲಾಯಿತು. ಭಾರತದಲ್ಲಿಯಾದರೋ, 1885ರ ಟೆಲಿಗ್ರಾಫ್ ಕಾಯಿದೆಯು ಈ ಅಧಿಕಾರವನ್ನು ಸರ್ಕಾರಕ್ಕೇ ಕೊಟ್ಟಿತ್ತು. ನಿಯಮ ಮಾಡುವವನೂ, ಪರವಾನಗಿ ಕೊಡುವವನೂ, ಸೇವೆಯನ್ನು ಮಾರುವವನೂ ಒಬ್ಬನೇ! ಸಂಪರ್ಕಕ್ಕಾಗಿ ಜನರು ವರ್ಷಗಟ್ಟಲೆ ಕಾಯಬೇಕಾಗಿತ್ತು.

ಇಲ್ಲಿ ಒಡೆಯಬೇಕಾದುದು ಪ್ರದೇಶಗಳನ್ನಲ್ಲ, ಕಾರ್ಯಗಳನ್ನು. 1985ರಲ್ಲಿ ಅಂಚೆಯು ದೂರಸಂಪರ್ಕದಿಂದ ಬೇರೆಯಾಯಿತು. 1986ರಲ್ಲಿ ದೆಹಲಿ ಮತ್ತು ಮುಂಬಯಿ ನಗರಗಳ ಸೇವೆಯನ್ನು ಮಹಾನಗರ ಟೆಲಿಫೋನ್ ನಿಗಮವು ವಹಿಸಿಕೊಂಡಿತು. 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಹುಟ್ಟಿತು. 2000ದ ಅಕ್ಟೋಬರ್ 1ರಂದು ಕರ್ನಾಟಕವೂ ಸೇರಿದಂತೆ ಉಳಿದ ದೇಶದ ಸೇವೆಯು ಭಾರತ ಸಂಚಾರ ನಿಗಮಕ್ಕೆ ಸೇರಿತು. ಹೀಗೆ ಆಟಗಾರನೂ ತೀರ್ಪುಗಾರನೂ ಬೇರೆಬೇರೆಯಾದರು.

ಒಡೆದ ಮಾತ್ರಕ್ಕೆ ಸ್ಪರ್ಧೆಯುಂಟಾಗುವುದೆ? ಇಲ್ಲ. ಹೊಸ ಕಂಪನಿಯ ಹತ್ತು ಮಂದಿ ಗ್ರಾಹಕರು ಹಳೆಯ ಜಾಲದ ಸಾವಿರ ಮಂದಿಯೊಡನೆ ಮಾತನಾಡಲಾಗದಿದ್ದರೆ ಅದನ್ನು ಯಾರು ಸೇರುವರು? ಆದಕಾರಣ ಜಾಲಗಳು ಪರಸ್ಪರ ಕೂಡಿಕೊಳ್ಳಲೇಬೇಕೆಂಬ ಕಟ್ಟಳೆಯೇ ನಿಯಂತ್ರಣದ ಜೀವಾಳ. 2011ರಲ್ಲಿ ದೇಶಾದ್ಯಂತ ಜಾರಿಗೆ ಬಂದ ಮತ್ತೊಂದು ನಿಯಮದಿಂದ ಗ್ರಾಹಕನು ತನ್ನ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಾಯಿಸುವಂತಾಯಿತು.

ಆದರೆ ಏಕಸ್ವಾಮ್ಯವು ಕೆಡುಕನ್ನೇ ಮಾಡಿತೆನ್ನಲಾಗದು. ಬಿಸಿಲು ಧೂಳುಗಳನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದೆಯೇ ದುಡಿಯುವ ಗ್ರಾಮೀಣ ವಿನಿಮಯ ಕೇಂದ್ರವನ್ನು ಸರ್ಕಾರಿ ಸಂಸ್ಥೆಯಾದ ಸಿ-ಡಾಟ್ ರೂಪಿಸಿತು. 1986ರಲ್ಲಿ ಅದು ಮೊದಲು ಕೆಲಸಮಾಡಿದುದು ನಮ್ಮ ಕಿತ್ತೂರಿನಲ್ಲಿ. ನಗರದ ಲಾಭವು ಹಳ್ಳಿಯ ನಷ್ಟವನ್ನು ತುಂಬುತ್ತಿತ್ತು. ಲಾಭವು ಹಲವರಲ್ಲಿ ಹಂಚಿಹೋದಾಗ ಆ ನಷ್ಟವನ್ನು ಹೊರುವವರು ಯಾರು? ಇದಕ್ಕೆಂದೇ 2002ರಲ್ಲಿ ಸಾರ್ವತ್ರಿಕ ಸೇವಾ ನಿಧಿಯು ಏರ್ಪಟ್ಟಿತು. ಎಲ್ಲ ಕಂಪನಿಗಳೂ ತಮ್ಮ ವರಮಾನದ ಒಂದಂಶವನ್ನು ಅದಕ್ಕಾಗಿ ಕೊಡಬೇಕಾಯಿತು.

ಒಡೆಯುವುದು ಸುಲಭ; ಒಡೆದ ಭಾಗಗಳನ್ನು ಕೂಡಿಸಿಡುವುದೂ, ಕೊನೆಯ ಹಳ್ಳಿಯನ್ನು ಮರೆಯದಿರುವುದೂ ಕಷ್ಟ. ನಿಯಂತ್ರಣದ ಯೋಗ್ಯತೆಯನ್ನು ನಾವು ಅಳೆಯಬೇಕಾದುದು ರಾಜಧಾನಿಯಲ್ಲಿ ಅಲ್ಲ, ಕತ್ತಲಗೆರೆಯಂತಹ ಊರುಗಳಲ್ಲಿ.