ಧನುರ್ಮಾಸಕ್ಕೆ ಒಂದು ದಿನ ಕಡಿಮೆ ಯಾಕೆ?

ಚಾಮರಾಜಪೇಟೆಯ ನಮ್ಮ ಹಳೇ ಮನೆಯಲ್ಲಿ ಧನುರ್ಮಾಸ ಬಂತೆಂದರೆ ಬೆಳಗಿನ ಜಾವಕ್ಕೇ ಹೆಸರುಬೇಳೆ ಹುರಿಯುವ ಘಮ. ದಿನಾ ಹುಗ್ಗಿ ಮಾಡಿ, ದೇವರಿಗೆ ನೈವೇದ್ಯ ಮಾಡಿ, ಅಕ್ಕಪಕ್ಕದ ಮನೆಗಳಿಗೆ ಹಂಚುವುದು ನಮ್ಮಜ್ಜಿಯ ಪದ್ಧತಿ. ತಿಂಗಳಿಗೆ ಮೂವತ್ತು ದಿನ ಎಂದು ದಿನಕ್ಕೊಂದು ಪಾವಿನ ಲೆಕ್ಕದಲ್ಲಿ ಬೇಳೆ ಅಳೆದು ಡಬ್ಬಿಗೆ ತುಂಬಿಡುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಒಂದು ಪಾವು ಉಳಿದಿರುತ್ತಿತ್ತು.

“ಯಾವಾಗಲೂ ಹೀಗೇ ಕಣೋ. ಈ ತಿಂಗಳಿಗೆ ಮಾತ್ರ ಒಂದು ದಿನ ಕಡಿಮೆ ಯಾಕೆ?” ಎಂದು ಕೇಳಿದರು.

ನಾನಾಗ ಬಿ.ಎಸ್ಸಿ. ಹುಡುಗ. “ಪಂಚಾಂಗದವರು ಏನೋ ಬರೀತಾರೆ ಅಜ್ಜಿ, ಅದಕ್ಕೆಲ್ಲ ಕಾರಣ ಇರಲ್ಲ” ಅಂದುಬಿಟ್ಟೆ. ಅದೇ ವರ್ಷ ಪರೀಕ್ಷೆಯಲ್ಲಿ ಕೆಪ್ಲರನ ಎರಡನೇ ನಿಯಮವನ್ನು ಚಿತ್ರಸಮೇತ ಬರೆದು ಪೂರ್ತಿ ಅಂಕ ಗಿಟ್ಟಿಸಿದ್ದೆ. ಅಜ್ಜಿಯ ಡಬ್ಬಿಯಲ್ಲಿ ಉಳಿದ ಬೇಳೆಯೂ ಅದೇ ನಿಯಮದ್ದು ಎಂದು ಹೊಳೆಯಲೇ ಇಲ್ಲ.

ಹೊಳೆದದ್ದು ಎಷ್ಟೋ ವರ್ಷಗಳ ನಂತರ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ. ಅಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನ ಬುಧವಾರದ ಉಪನ್ಯಾಸಗಳಿಗೆ ಹೋಗುವ ಅಭ್ಯಾಸವಿತ್ತು. ಒಂದು ಸಂಜೆ ಮಾತನಾಡುತ್ತಿದ್ದವರು, ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ ಎಂದರು. ಅಂದರೆ ಧನುರ್ಮಾಸದಲ್ಲಿ! ಹೇಳೋಣವೆಂದರೆ ಅಷ್ಟರಲ್ಲಿ ಅಜ್ಜಿ ಇರಲಿಲ್ಲ.

ಈಗ ಏಳನೇ ತರಗತಿಯಲ್ಲಿರುವ ಮೊಮ್ಮಗಳಿಗೆ ಈ ಕಥೆ ಹೇಳಿದಾಗ ಅವಳು ಬುಡದಿಂದಲೇ ಶುರು ಮಾಡಿದಳು. “ತಾತ, ಭೂಮಿಯನ್ನು ಮುಂದಕ್ಕೆ ತಳ್ಳೋದು ಯಾರು?”

ಯಾರೂ ಬೇಡ. ಗಾಂಧಿ ಬಜಾರಿಗೆ ಹೋಗುವ ಬಸ್ಸಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ವಾಲುತ್ತೇವಲ್ಲ? ಬಸ್ಸು ನಿಂತರೂ ನಮ್ಮ ಮೈ ತನ್ನ ಓಟ ಬಿಡುವುದಿಲ್ಲ. ಚಲಿಸುತ್ತಿರುವುದು ಯಾರೂ ತಡೆಯದಿದ್ದರೆ ನೇರವಾಗಿ ಚಲಿಸುತ್ತಲೇ ಇರುತ್ತದೆ. ನ್ಯೂಟನ್ 1687ರ ತನ್ನ ಪುಸ್ತಕದಲ್ಲಿ ಮೊದಲ ನಿಯಮವಾಗಿ ಇಟ್ಟದ್ದು ಇದನ್ನೇ. ಸೂರ್ಯ ಭೂಮಿಯನ್ನು ತಳ್ಳುವುದಿಲ್ಲ, ತನ್ನ ಕಡೆಗೆ ಎಳೆಯುತ್ತಾನೆ. ಆ ಎಳೆತದಿಂದ ನೇರ ದಾರಿ ಬಾಗುತ್ತದೆ.

“ಎಳೆದರೆ ಬಿದ್ದುಹೋಗಬೇಕಲ್ವಾ?” ಬೀಳುತ್ತಲೇ ಇದೆ! ಅವಳನ್ನು ಕಹಳೆ ಬಂಡೆಗೆ ಕರೆದುಕೊಂಡು ಹೋದೆ. ಅಲ್ಲಿಂದ ಒಂದು ಕಲ್ಲನ್ನು ಅಡ್ಡಕ್ಕೆ ಎಸೆದೆವು ಅನ್ನಿ. (ನಿಜವಾಗಿ ಎಸೆಯಬೇಡಿ, ಕೆಳಗೆ ವಾಕಿಂಗ್ ಮಾಡುವವರಿರುತ್ತಾರೆ.) ಮೊದಲ ಸೆಕೆಂಡಿನಲ್ಲಿ ಅದು ಸುಮಾರು 5 ಮೀಟರ್ ಕೆಳಗೆ ಬೀಳುತ್ತದೆ. ಜೋರಾಗಿ ಎಸೆದರೆ ದೂರ ಹೋಗಿ ಬೀಳುತ್ತದೆ. ಒಂದು ಸೆಕೆಂಡಿನಲ್ಲಿ ಮಲ್ಲೇಶ್ವರದ ಹದಿನೆಂಟನೇ ಕ್ರಾಸ್ ಮುಟ್ಟುವಷ್ಟು, ಅಂದರೆ ಸುಮಾರು 8 ಕಿಲೋಮೀಟರ್ ಹೋಗುವಷ್ಟು ವೇಗದಲ್ಲಿ ಎಸೆದರೆ? ದುಂಡಗಿನ ಭೂಮಿಯ ಮೈಯೂ ಅಷ್ಟು ದೂರದಲ್ಲಿ 5 ಮೀಟರ್ ಬಾಗಿರುತ್ತದೆ. ಕಲ್ಲು ಎಷ್ಟು ಬಿತ್ತೋ ನೆಲವೂ ಅಷ್ಟೇ ತಗ್ಗಿತು. ಗಾಳಿಯ ತಡೆ ಇಲ್ಲದಿದ್ದರೆ ಕಲ್ಲು ಬೀಳುತ್ತಾ ಬೀಳುತ್ತಾ ಭೂಮಿಯನ್ನೇ ಸುತ್ತುತ್ತದೆ. ಉಪಗ್ರಹಗಳೂ ಚಂದ್ರನೂ ಹೀಗೆಯೇ. ಸೂರ್ಯನ ಸುತ್ತ ಭೂಮಿಯೂ ಹೀಗೆಯೇ, ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ.

ಈಗ ಅಜ್ಜಿಯ ಲೆಕ್ಕಕ್ಕೆ ಬರೋಣ. ಮಂಗಳನ ದಾರಿ ಪೂರ್ತಿ ದುಂಡಗಿಲ್ಲ ಎಂದು ಕೆಪ್ಲರ್ 1609ರಲ್ಲೇ ತೋರಿಸಿದ್ದ. ಭೂಮಿಯ ದಾರಿಯೂ ಹಾಗೆಯೇ. ಜುಲೈ ಮೊದಲ ವಾರದಲ್ಲಿ ನಾವು ಸೂರ್ಯನಿಂದ ಸುಮಾರು 15 ಕೋಟಿ 21 ಲಕ್ಷ ಕಿ.ಮೀ. ದೂರದಲ್ಲಿರುತ್ತೇವೆ. ಜನವರಿಯಲ್ಲಿ 14 ಕೋಟಿ 71 ಲಕ್ಷ. ಮೇಲಕ್ಕೆಸೆದ ಚೆಂಡು ಏರುವಾಗ ನಿಧಾನವಾಗುತ್ತದೆ, ಇಳಿಯುವಾಗ ವೇಗ ಪಡೆಯುತ್ತದೆ. ಹಾಗೇ ಜುಲೈನಿಂದ ಜನವರಿಯವರೆಗೆ ಸೂರ್ಯನ ಕಡೆಗೆ 50 ಲಕ್ಷ ಕಿ.ಮೀ. ಇಳಿಯುವ ಭೂಮಿ ಸೆಕೆಂಡಿಗೆ 29.3ರಿಂದ 30.3 ಕಿ.ಮೀ. ವೇಗಕ್ಕೆ ಬರುತ್ತದೆ.

ತಿಂಗಳು ಚಿಕ್ಕದಾಗುವುದು ಹೇಗೆ ಎಂದು ತಿಳಿಯಲು ದೊಡ್ಡ ಬಸವನ ಗುಡಿಗೇ ಹೋದೆವು. ಪ್ರದಕ್ಷಿಣೆ ಹಾಕುವಾಗ ಒಂದೊಂದು ಹೆಜ್ಜೆಗೂ ಬಸವಣ್ಣನ ಹಿಂದೆ ಕಾಣುವ ಗೋಡೆಯ ಭಾಗ ಬದಲಾಗುತ್ತದೆ. ಬಸವಣ್ಣ ಸೂರ್ಯ, ನಾವು ಭೂಮಿ, ಹಿಂದಿನ ಗೋಡೆ ನಕ್ಷತ್ರಗಳು. ಆ ಗೋಡೆಯನ್ನು ಹನ್ನೆರಡು ಸಮಪಾಲು ಮಾಡಿದರೆ ಅವೇ ರಾಶಿಗಳು. ಬಸವಣ್ಣನ ಹತ್ತಿರ ಸರಿದು ಬೇಗ ನಡೆದರೆ ಒಂದು ಪಾಲು ಬೇಗ ದಾಟುತ್ತದೆ. ಆದ್ದರಿಂದ ಧನುರ್ಮಾಸಕ್ಕೆ 29 ದಿನ, ಮೇಲೆ ಕೆಲವು ಗಂಟೆ. ಭೂಮಿ ನಿಧಾನವಾಗಿರುವ ಮಿಥುನ ಮಾಸಕ್ಕೆ 31 ದಿನ ಕಳೆದರೂ ಮುಗಿಯದು, ಇನ್ನರ್ಧ ದಿನಕ್ಕಿಂತ ಹೆಚ್ಚು ಬೇಕು. ಪಂಚಾಂಗದವರು ಸುಮ್ಮನೆ ಬರೆದಿರಲಿಲ್ಲ.

“ಸೂರ್ಯ ಹತ್ತಿರ ಇದ್ದರೆ ಜನವರಿಯಲ್ಲಿ ಚಳಿ ಯಾಕೆ?” ಒಳ್ಳೆಯ ಪ್ರಶ್ನೆ. ಚಳಿ, ಸೆಕೆ ಬರುವುದು ದೂರದಿಂದಲ್ಲ, ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ. ಆ ವಾಲುವಿಕೆಯಿಂದಲೇ ಆಗ ಸೂರ್ಯ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರನ ಗುಹೆಯೊಳಗೆ ಬಿಸಿಲು ಹಾಯುತ್ತದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಮನೆಗೆ ಬಂದವಳೇ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಎಣಿಸಿದಳು. ಡಿಸೆಂಬರ್ 16ರಿಂದ ಜನವರಿ 14ಕ್ಕೆ 29 ದಿನ. ಆಮೇಲೆ ಜೂನ್, ಜುಲೈ ತಿರುವಿ ಮಿಥುನ ಸಂಕ್ರಮಣದಿಂದ ಕರ್ಕಾಟಕ ಸಂಕ್ರಮಣದವರೆಗೆ ಬೆರಳಿಟ್ಟು ಎಣಿಸಿ ನಕ್ಕಳು.

“ತಾತ, ನಿಮ್ಮಜ್ಜಿ ಈ ತಿಂಗಳು ಹುಗ್ಗಿ ಮಾಡಿದ್ದಿದ್ರೆ ಬೇಳೆ ಸಾಲ್ತಾನೇ ಇರಲಿಲ್ಲ!”