ಅಕ್ವೇರಿಯಂನ ಬೆಳಕಿನ ವ್ಯವಸ್ಥೆ

ಅಕ್ವೇರಿಯಂನ ಬೆಳಕಿನ ವ್ಯವಸ್ಥೆ ಎಂದರೆ ಮನೆಯಲ್ಲಿ ಮೀನು ಮತ್ತು ಜಲಸಸ್ಯಗಳನ್ನು ಸಾಕುವ ಗಾಜಿನ ತೊಟ್ಟಿಗೆ ಅಳವಡಿಸುವ ಕೃತಕ ದೀಪದ ಏರ್ಪಾಡು. ದೀಪವನ್ನು ಆರಿಸುವಾಗ ನೋಟದ ಅಂದಕ್ಕಿಂತ ತೊಟ್ಟಿಯೊಳಗಿನ ಜೀವಿಗಳ ಅಗತ್ಯವೇ ಮುಖ್ಯ. ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಹೊಸ ಹವ್ಯಾಸಿಗಳಲ್ಲಿ ಸಾಮಾನ್ಯ. ನೀರು ಹಸಿರುಗಟ್ಟುವುದಕ್ಕೂ ಗಾಜಿಗೆ ಪಾಚಿ ಹತ್ತುವುದಕ್ಕೂ ಅನೇಕ ವೇಳೆ ಈ ನಂಬಿಕೆಯೇ ಮೂಲ.

ಬೆಳಕಿನ ಅಗತ್ಯ

ಮೀನುಗಳಿಗೆ ಪ್ರಖರ ಬೆಳಕು ಬೇಕಿಲ್ಲ. ಹಗಲು ಮತ್ತು ಇರುಳಿನ ಕ್ರಮಬದ್ಧವಾದ ಸರದಿ ಬೇಕು. ಬಹುತೇಕ ಮೀನುಗಳಿಗೆ ಕಣ್ಣಿನ ರೆಪ್ಪೆಗಳಿಲ್ಲ. ಕಣ್ಣು ಮುಚ್ಚಿಕೊಳ್ಳಲಾರದ ಆ ಜೀವಿಗೆ ಎಲೆಯ ನೆರಳು ಅಥವಾ ಕಲ್ಲಿನ ಸಂದಿ ಮಾತ್ರ ಆಶ್ರಯ. ಅಮೆಜಾನ್ ಪ್ರದೇಶದ ಮರಗಳ ನೆರಳಿನ ತೊರೆಗಳಿಂದ ಬಂದ ನಿಯಾನ್ ಟೆಟ್ರಾದಂತಹ ಮೀನುಗಳು ಮಂದ ಬೆಳಕಿನಲ್ಲಿಯೇ ನಿರಾತಂಕವಾಗಿರುತ್ತವೆ.

ಬೆಳಕು ನಿಜವಾಗಿ ಬೇಕಾಗುವುದು ಸಸ್ಯಗಳಿಗೆ. ದ್ಯುತಿಸಂಶ್ಲೇಷಣೆಗೆ ಅವು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಬಳಸುತ್ತವೆ. ಪತ್ರಹರಿತ್ತು ನೀಲಿ ಮತ್ತು ಕೆಂಪು ಕಿರಣಗಳನ್ನು ಹೆಚ್ಚಾಗಿ ಹೀರುತ್ತದೆ. ಜಾವಾ ಫರ್ನ್, ಅನುಬಿಯಾಸ್ ಮುಂತಾದವು ಅಲ್ಪ ಬೆಳಕಿಗೆ ತೃಪ್ತ. ಪಶ್ಚಿಮ ಘಟ್ಟದ ಹೊಳೆಗಳಲ್ಲಿಯೂ ಕೆಲವು ಜಾತಿಗಳು ಬೆಳೆಯುವ ಕ್ರಿಪ್ಟೋಕೊರೈನ್‌ಗಳಿಗೆ ಅಲ್ಪ ಅಥವಾ ಮಧ್ಯಮ ಬೆಳಕು ಸಾಕು. ನಮ್ಮ ಹೊನಗನ್ನೆ ಸೊಪ್ಪಿನ ಕುಲಕ್ಕೇ ಸೇರಿದ, ಕೆಂಪೆಲೆಯ ಆಲ್ಟರ್ನ್ಯಾಂತೆರಾಕ್ಕೆ ಹೆಚ್ಚು ಬೆಳಕು ಬೇಕು. ಆದುದರಿಂದ ಮೊದಲು ಗಿಡವನ್ನು ನಿಶ್ಚಯಿಸಿ, ಬಳಿಕ ದೀಪವನ್ನು ಕೊಳ್ಳುವುದೇ ಸರಿಯಾದ ಕ್ರಮ.

ಪ್ರಮಾಣ ಮತ್ತು ಬಣ್ಣ

ಟ್ಯೂಬ್‌ಲೈಟುಗಳ ಕಾಲದಲ್ಲಿ ಬೆಳಕನ್ನು ವ್ಯಾಟ್‌ನಲ್ಲಿ ಅಂದಾಜಿಸುವ ರೂಢಿಯಿತ್ತು. ವ್ಯಾಟ್ ವಿದ್ಯುತ್ತಿನ ವೆಚ್ಚವನ್ನು ತಿಳಿಸುವುದೇ ಹೊರತು ಬೆಳಕಿನ ಪ್ರಮಾಣವನ್ನಲ್ಲ. ಎಲ್‌ಇಡಿ ದೀಪಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಈಗ ಹವ್ಯಾಸಿಗಳು ಸ್ಥೂಲವಾಗಿ ಲೀಟರಿಗೆ 10ರಿಂದ 20 ಲ್ಯೂಮೆನ್ ಅಲ್ಪ, 20ರಿಂದ 40 ಮಧ್ಯಮ, ಅದಕ್ಕೂ ಮೇಲ್ಪಟ್ಟದ್ದು ಅಧಿಕ ಎಂದು ಎಣಿಸುತ್ತಾರೆ. ಲೆಕ್ಕ ಸುಲಭ, ಶಾಲೆಯಲ್ಲಿ ಕಲಿತ ಗುಣಾಕಾರವೇ ಸಾಕು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು 30 ಸೆಂ.ಮೀ. ಎತ್ತರದ ತೊಟ್ಟಿಯ ಗಾತ್ರ 54 ಲೀಟರ್. ಮರಳು, ಕಲ್ಲು ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ಸುಮಾರು 45 ಲೀಟರ್ ನೀರು ಉಳಿಯುತ್ತದೆ. ಲೀಟರಿಗೆ 15ರಂತೆ 675 ಲ್ಯೂಮೆನ್ ಬೇಕಾಗುತ್ತದೆ. ವ್ಯಾಟ್‌ಗೆ 100 ಲ್ಯೂಮೆನ್ ಕೊಡುವ ಎಲ್‌ಇಡಿಯಾದರೆ 7 ವ್ಯಾಟ್ ಸಾಕು. ತೊಟ್ಟಿ ಆಳವಾದಷ್ಟೂ ತಳಕ್ಕೆ ತಲುಪುವ ಬೆಳಕು ಕುಗ್ಗುವುದರಿಂದ ಈ ಲೆಕ್ಕವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ಸಿಹಿನೀರಿನ ತೊಟ್ಟಿಗೆ ಹಗಲಿನ ಬೆಳಕನ್ನು ಹೋಲುವ 6500 ಕೆಲ್ವಿನ್‌ನ ದೀಪ ಸಾಮಾನ್ಯವಾಗಿ ಒಪ್ಪುತ್ತದೆ. ನೀಲಿ ಛಾಯೆಯ 10,000 ಕೆಲ್ವಿನ್ ಮತ್ತು ಅದಕ್ಕೂ ಹೆಚ್ಚಿನ ದೀಪಗಳು ಹವಳಗಳಿರುವ ಉಪ್ಪುನೀರಿನ ತೊಟ್ಟಿಗಳಿಗೆ ಸಂಬಂಧಿಸಿದವು.

ಅವಧಿ ಮತ್ತು ಪಾಚಿ

ದೀಪದ ಆಯ್ಕೆಯಷ್ಟೇ ಅದನ್ನು ಉರಿಸುವ ಅವಧಿಯೂ ಮುಖ್ಯ. ಹೊಸ ತೊಟ್ಟಿಗೆ ದಿನಕ್ಕೆ 6 ಗಂಟೆ, ಗಿಡಗಳು ಬೇರೂರಿದ ಬಳಿಕ 8 ಗಂಟೆ ಸಾಕಾಗುತ್ತದೆ. ಬೆಳಕು ಹೆಚ್ಚಾಗಿ, ಅದಕ್ಕೆ ತಕ್ಕ ಇಂಗಾಲದ ಡೈಆಕ್ಸೈಡ್ ಮತ್ತು ಪೋಷಕಾಂಶಗಳು ಗಿಡಗಳಿಗೆ ದೊರೆಯದಿದ್ದರೆ ಅವುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಉಳಿದ ಬೆಳಕು ಪಾಚಿಯ ಪಾಲಾಗುತ್ತದೆ. ಪಾಚಿ ಕೇವಲ ಅಸಹ್ಯದ ವಿಷಯವಲ್ಲ. ದಟ್ಟವಾಗಿ ಹಸಿರುಗಟ್ಟಿದ ನೀರಿನಲ್ಲಿ ಅದು ರಾತ್ರಿಯಿಡೀ ಆಮ್ಲಜನಕವನ್ನು ಬಳಸುವುದರಿಂದ, ಬೆಳಗಿನ ಜಾವ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುವುದುಂಟು. ಗಮನಿಸದಿದ್ದರೆ ಸಾಯುವುದೂ ಉಂಟು. ಇಂತಹ ಸಂದರ್ಭದಲ್ಲಿ ಔಷಧಿ ತರುವುದಕ್ಕೆ ಮುನ್ನ ಗಾಳಿಯ ಪಂಪನ್ನು ನಡೆಸಿ, ಭಾಗಶಃ ನೀರು ಬದಲಿಸಿ, ದೀಪದ ಅವಧಿಯನ್ನು ತಗ್ಗಿಸಬೇಕು. ಕಿಟಕಿಯ ನೇರ ಬಿಸಿಲು ಬೀಳುವೆಡೆ ತೊಟ್ಟಿಯನ್ನಿಟ್ಟಿದ್ದರೆ ದೀಪವನ್ನು ಎಷ್ಟು ಕಡಿಮೆ ಮಾಡಿದರೂ ಫಲವಿಲ್ಲ. ತೊಟ್ಟಿಯ ಸ್ಥಳವನ್ನೇ ಬದಲಿಸಬೇಕು.

ಅಗ್ಗದ ಟೈಮರ್ ಒಂದನ್ನು ಜೋಡಿಸಿದರೆ ಮರೆವಿನ ತೊಂದರೆ ತಪ್ಪುತ್ತದೆ. ಕತ್ತಲ ಕೋಣೆಯಲ್ಲಿ ಥಟ್ಟನೆ ದೀಪ ಹಾಕಿದರೆ ಮೀನುಗಳು ಬೆದರಿ ಗಾಜಿಗೆ ಬಡಿದುಕೊಳ್ಳಬಹುದು. ಮೊದಲು ಕೋಣೆಯ ದೀಪವನ್ನು ಹಾಕುವುದು ಲೇಸು.

ಸುರಕ್ಷತೆ

ದೀಪದ ತಂತಿಯು ಪ್ಲಗ್‌ಗಿಂತ ಕೆಳಮಟ್ಟಕ್ಕೆ ಇಳಿದು ಮತ್ತೆ ಮೇಲೇರುವಂತಿರಬೇಕು. ಆಗ ತಂತಿಯ ಗುಂಟ ಹರಿದು ಬಂದ ನೀರು ಸಾಕೆಟ್ಟಿಗೆ ಸೇರದೆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ. ನೀರಿನೊಳಗೆ ಕೈಯಿಡುವ ಮುನ್ನ ದೀಪವೂ ಸೇರಿದಂತೆ ಎಲ್ಲ ಉಪಕರಣಗಳ ಪ್ಲಗ್ಗನ್ನು ಕಿತ್ತಿರಬೇಕು.